ಬಾಲ ನ್ಯಾಯ ವ್ಯವಸ್ಥೆಯಲ್ಲಿ ಪುನಃಸ್ಥಾಪನಾ ನ್ಯಾಯದ ಸುಗಮಕಾರರಿಗೆ ತರಬೇತಿ ರೂಪಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎರಡು ದಿನಗಳ ಕಾರ್ಯಾಗಾರದಲ್ಲಿ ಕುಳಿತು, ಸ್ಲೈಡುಗಳನ್ನು ನೋಡಿ, ಕೊನೆಯ ಮಧ್ಯಾಹ್ನ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಒಂದು ಅಣಕು ಸಭೆ ನಡೆಸಿ, ಪ್ರಮಾಣಪತ್ರ ಪಡೆದು ಹೋದ ಸುಗಮಕಾರರು ಮೊದಲ ನಿಜವಾದ ಪ್ರಕರಣದಲ್ಲೇ ಮುಗ್ಗರಿಸುವುದು ಸಾಮಾನ್ಯವಾಗಿದೆ. ಹುಡುಗನಿಗೆ ಬುದ್ಧಿ ಹೇಳುತ್ತಾರೆ, ದೂರುದಾರರಿಗೆ ಸಮಾಧಾನ ಹೇಳುತ್ತಾರೆ, ಪರಿಹಾರದ ಮೊತ್ತವನ್ನು ತಾವೇ ಸೂಚಿಸುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲರ ಸಹಿ ಬೀಳುತ್ತದೆ. ನಡೆದದ್ದು ಊರಿನ ರಾಜಿ ಪಂಚಾಯಿತಿಯೇ, ಹೆಸರು ಮಾತ್ರ ಬೇರೆ. ತರಬೇತಿಯ ಒಟ್ಟು ಅವಧಿ ಕಡಿಮೆಯಾಯಿತು ಎಂಬ ದೂರು ಕೇಳಿಬರುತ್ತದೆಯಾದರೂ ನನಗೆ ಕಾಣುವ ದೋಷ ಅದರ ಕ್ರಮದಲ್ಲಿದೆ. ಸುಗಮಕಾರರ ಕೆಲಸದ ಬಹುಪಾಲು ಮುಖಾಮುಖಿ ಸಭೆಗೆ ಮೊದಲೇ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕಂಡು ಮಾತನಾಡುವುದರಲ್ಲಿ ನಡೆಯುತ್ತದೆ. ತರಬೇತಿಯ ಬಹುಪಾಲು ಮಾತ್ರ ಸಿದ್ಧಾಂತದಲ್ಲಿ ಕಳೆದುಹೋಗುತ್ತದೆ.

ಈ ಮಾರ್ಗದರ್ಶಿಯು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಸ್ವಯಂಸೇವಾ ಸಂಸ್ಥೆಗಳಲ್ಲಿದ್ದುಕೊಂಡು ಇಂಥ ತರಬೇತಿಯನ್ನು ರೂಪಿಸಬೇಕಾದವರಿಗಾಗಿ ಇದೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು, ಅದರ ಕೃತ್ಯದಿಂದ ನೊಂದವರು ಮತ್ತು ಇಬ್ಬರ ಮನೆಯವರು ತಮ್ಮ ಇಚ್ಛೆಯಿಂದ ಒಟ್ಟಿಗೆ ಕುಳಿತು, ಆದ ಹಾನಿಯನ್ನು ಮಾತಿಗೆ ತಂದು, ಅದನ್ನು ಸರಿಪಡಿಸುವ ದಾರಿಯನ್ನು ತಾವೇ ನಿರ್ಧರಿಸುವ ಪ್ರಕ್ರಿಯೆಯನ್ನೇ ಇಲ್ಲಿ ಪುನಃಸ್ಥಾಪನಾ ನ್ಯಾಯ ಎಂದು ಕರೆಯಲಾಗಿದೆ. ಆ ಪ್ರಕ್ರಿಯೆಯನ್ನು ತೀರ್ಪು ನೀಡದೆ ನಡೆಸಿಕೊಡುವವರೇ ಸುಗಮಕಾರರು.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಒಂದು ತಂಡಕ್ಕೆ ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಪ್ರತಿಯೊಬ್ಬರೂ ಸುಗಮಕಾರರ ಕುರ್ಚಿಯಲ್ಲಿ ಕುಳಿತು ಅಭ್ಯಾಸ ಮಾಡಲು ಸಮಯ ಸಿಗುವುದಿಲ್ಲ, ನೋಡುವವರೇ ಹೆಚ್ಚಾಗುತ್ತಾರೆ. ಇಬ್ಬರು ತರಬೇತುದಾರರು ಬೇಕು. ಅವರಲ್ಲಿ ಒಬ್ಬರಾದರೂ ನಿಜವಾದ ಪ್ರಕರಣಗಳನ್ನು ಸ್ವತಃ ನಡೆಸಿದವರಾಗಿರಬೇಕು. ಒಂದು ದೊಡ್ಡ ಸಭಾಂಗಣಕ್ಕಿಂತ ಬಾಗಿಲು ಮುಚ್ಚಬಹುದಾದ ಮೂರು ಚಿಕ್ಕ ಕೋಣೆಗಳು ಹೆಚ್ಚು ಉಪಯುಕ್ತ. ಇವುಗಳ ಜೊತೆಗೆ ಪಾತ್ರಪತ್ರಗಳು (ಅಣಕು ಪ್ರಕರಣದಲ್ಲಿ ಒಬ್ಬೊಬ್ಬರು ಅಭಿನಯಿಸಬೇಕಾದ ಪಾತ್ರದ ವಿವರವಿರುವ ಹಾಳೆಗಳು), ವೀಕ್ಷಕರಿಗೆ ಒಂದು ಪುಟದ ಗುರುತು ಹಾಳೆ, ಗೋಡೆ ಗಡಿಯಾರ ಮತ್ತು ಅಣಕು ಭೇಟಿಗಳ ಧ್ವನಿಮುದ್ರಣಕ್ಕೆ ಒಂದು ಫೋನ್ ಇದ್ದರೆ ಸಾಕು. ಪ್ರೊಜೆಕ್ಟರ್ ಬೇಕೇ ಬೇಕೆಂದೇನಿಲ್ಲ. ಅದು ಇದ್ದಲ್ಲೆಲ್ಲ ಉಪನ್ಯಾಸ ತಾನಾಗಿಯೇ ಬೆಳೆಯುತ್ತದೆ.

ಅವಧಿಯನ್ನು ಐದು ದಿನಗಳೆಂದು ಇಟ್ಟುಕೊಳ್ಳಿ. ಆದರೆ ಅವುಗಳನ್ನು ಒಂದೇ ಸಮನೆ ನಡೆಸಬೇಡಿ. ಮೊದಲು ಮೂರು ದಿನ, ಎರಡು ಮೂರು ವಾರಗಳ ಬಿಡುವು, ನಂತರ ಎರಡು ದಿನ ಎಂಬ ಹಂಚಿಕೆಯು ಸರಕಾರಿ ರಜೆ ಮಂಜೂರಾತಿಗೂ ಹೊಂದುತ್ತದೆ, ಕಲಿಕೆಗೂ ಹೊಂದುತ್ತದೆ.

ಹಂತ 1: ಪ್ರಕರಣಗಳ ಎಲ್ಲೆಯನ್ನು ಬರೆದಿಡಿ

ಯಾವ ಪ್ರಕರಣಗಳಿಗಾಗಿ ಸುಗಮಕಾರರನ್ನು ತಯಾರು ಮಾಡುತ್ತಿದ್ದೀರಿ ಎಂಬುದು ಖಚಿತವಾಗದೆ ಪಠ್ಯಕ್ರಮಕ್ಕೆ ಕೈ ಹಾಕಬಾರದು. 2016ರ ಜನವರಿ 15ರಂದು ಜಾರಿಗೆ ಬಂದ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರಲ್ಲಿ ಇಂಥ ಮುಖಾಮುಖಿ ಸಭೆಗೆಂದೇ ಪ್ರತ್ಯೇಕ ಅಧ್ಯಾಯವಿಲ್ಲ. ಅವಕಾಶ ಸಿಗುವುದು ಎರಡು ಕಡೆ. ಮಗುವಿನ ಅಥವಾ ಸಮಾಜದ ಹಿತಕ್ಕೆ ಅನಿವಾರ್ಯವಾಗದ ಹೊರತು ನ್ಯಾಯಿಕ ಕಲಾಪದ ಮೊರೆಹೋಗದ ಕ್ರಮಗಳನ್ನು ಉತ್ತೇಜಿಸಬೇಕೆಂಬ ತತ್ವ 3ನೇ ಕಲಮಿನಲ್ಲಿದೆ. ಬುದ್ಧಿವಾದ ಹೇಳಿ ಮನೆಗೆ ಕಳಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಬಿಡುಗಡೆ ಮುಂತಾದ ಆದೇಶಗಳು 18ನೇ ಕಲಮಿನಲ್ಲಿವೆ. ಆದ್ದರಿಂದ ನಿಮ್ಮ ಕಾರ್ಯಕ್ರಮವು ಇಂಥ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಲಿಖಿತ ಒಪ್ಪಿಗೆಯಿಂದಲೇ ಆರಂಭವಾಗಬೇಕು, ಮತ್ತು ಆ ಒಪ್ಪಿಗೆಯ ಪ್ರತಿಯು ತರಬೇತಿಯ ಮೊದಲ ದಿನ ಎಲ್ಲರ ಕೈಯಲ್ಲಿರಬೇಕು.

ಹೊರಗಿಡಬೇಕಾದ ಪ್ರಕರಣಗಳ ಪಟ್ಟಿಯನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಲೈಂಗಿಕ ಅಪರಾಧಗಳಲ್ಲಿ ರಾಜಿಗೆ ಎಡೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮದನ್‌ಲಾಲ್ ಪ್ರಕರಣದಲ್ಲಿ ಕಟುವಾದ ಮಾತುಗಳಲ್ಲೇ ಹೇಳಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕರಣಗಳನ್ನೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನೂ ಹೊಸ ಸುಗಮಕಾರರಿಗೆ ಎಂದಿಗೂ ಕೊಡಬೇಡಿ. ಎರಡನೆಯ ಬಗೆಯವುಗಳಲ್ಲಿ ‘ಸೌಹಾರ್ದ’ದ ಹೆಸರಿನಲ್ಲಿ ದೂರುದಾರರ ಮೇಲೆ ಇಡೀ ಊರಿನ ಒತ್ತಡ ಬೀಳುವುದನ್ನು ತಡೆಯುವ ಶಕ್ತಿ ಐದು ದಿನದ ತರಬೇತಿ ಪಡೆದವರಿಗೆ ಇರುವುದಿಲ್ಲ.

ಇಲ್ಲಿಯೇ ಇನ್ನೊಂದು ತೊಡಕು ಇದೆ, ಬಹುತೇಕ ಪಠ್ಯಕ್ರಮಗಳು ಅದನ್ನು ಮುಟ್ಟುವುದೇ ಇಲ್ಲ. ಹದಿನೆಂಟು ವರ್ಷದೊಳಗಿನ ಮಗುವನ್ನು ನಿರಪರಾಧಿಯೆಂದೇ ಭಾವಿಸಬೇಕು ಎನ್ನುವುದು ಅದೇ 3ನೇ ಕಲಮಿನ ಮೊದಲ ತತ್ವ. ಪುನಃಸ್ಥಾಪನಾ ಸಭೆಯಾದರೋ ‘ನಾನು ಮಾಡಿದೆ’ ಎಂದು ಮಗು ಒಪ್ಪಿಕೊಳ್ಳುವುದನ್ನು ಬೇಡುತ್ತದೆ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 2002ರಲ್ಲಿ ಅಂಗೀಕರಿಸಿದ ಮೂಲ ತತ್ವಗಳ ಪ್ರಕಾರ, ಇಂಥ ಪ್ರಕ್ರಿಯೆಯಲ್ಲಿ ಭಾಗವಹಿಸಿದ್ದನ್ನು ಮುಂದಿನ ಕಲಾಪದಲ್ಲಿ ತಪ್ಪೊಪ್ಪಿಗೆಯ ಸಾಕ್ಷ್ಯವಾಗಿ ಬಳಸಬಾರದು. ನಮ್ಮಲ್ಲಿ ಅದು ತಾನಾಗಿ ಜಾರಿಯಾಗುವುದಿಲ್ಲ. ಆದ್ದರಿಂದ ಬಾಲ ನ್ಯಾಯ ಮಂಡಳಿಯು ವಿಚಾರಣೆ ಮುಗಿಸಿ ತನ್ನ ನಿರ್ಣಯ ಕೊಟ್ಟ ಮೇಲಷ್ಟೇ ಪ್ರಕರಣ ಸುಗಮಕಾರರಿಗೆ ಬರಲಿ. ಅದಕ್ಕೂ ಮುನ್ನ ಬರುವುದಾದರೆ ಮಗುವಿಗೆ ವಕೀಲರ ಸಲಹೆ ಸಿಕ್ಕಿರಲೇಬೇಕು. ಸುಗಮಕಾರರಿಂದ ಮಂಡಳಿಗೆ ಹೋಗುವ ವರದಿಯಲ್ಲಿ ಸಭೆ ನಡೆಯಿತೇ, ಒಪ್ಪಂದ ಏನು ಎಂಬ ಎರಡೇ ವಿಷಯಗಳಿರಲಿ.

ಎಚ್ಚರಿಕೆಯ ಸೂಚನೆ: ‘ದೂರು ವಾಪಸ್ ತೆಗೆದುಕೊಳ್ಳುವಂತೆ ಸ್ವಲ್ಪ ಮಾತಾಡಿ’ ಎಂಬ ಕೋರಿಕೆಯೊಂದಿಗೆ ಠಾಣೆಯಿಂದ ಪ್ರಕರಣಗಳು ಬರತೊಡಗಿದರೆ ಎಲ್ಲೆಯು ಈಗಾಗಲೇ ಮುರಿದಿದೆ ಎಂದರ್ಥ.

ಹಂತ 2: ಕೆಲಸವನ್ನು ಬಿಡಿಬಿಡಿಯಾಗಿ ಬರೆದು, ಹಿಂದಿನಿಂದ ಮುಂದಕ್ಕೆ ಯೋಜಿಸಿ

ಪ್ರಕರಣ ಕೈಗೆ ಬಂದ ಕ್ಷಣದಿಂದ ಕಡತ ಮುಚ್ಚುವವರೆಗೆ ಸುಗಮಕಾರರು ಏನೇನು ಮಾಡುತ್ತಾರೆಂದು ಕ್ರಿಯಾಪದಗಳಲ್ಲಿ ಬರೆಯಿರಿ: ಫೋನ್ ಮಾಡುತ್ತಾರೆ, ಮನೆಗೆ ಹೋಗುತ್ತಾರೆ, ಗೋಪ್ಯತೆಯ ಮಿತಿಯನ್ನು ತಿಳಿಸುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಸಭೆ ಬೇಡವೆನ್ನುವ ಹಕ್ಕನ್ನು ನೆನಪಿಸುತ್ತಾರೆ, ಯಾರು ಯಾರು ಬರಬೇಕೆಂದು ಕೇಳಿ ತಿಳಿಯುತ್ತಾರೆ, ಕೋಣೆ ಸಿದ್ಧಪಡಿಸುತ್ತಾರೆ, ಸಭೆ ನಡೆಸುತ್ತಾರೆ, ಒಪ್ಪಂದ ಬರೆಯುತ್ತಾರೆ, ಅದು ಪಾಲನೆಯಾಯಿತೇ ಎಂದು ನೋಡುತ್ತಾರೆ. ‘ಸಂವೇದನೆ ಬೆಳೆಸುವುದು’, ‘ಅರಿವು ಮೂಡಿಸುವುದು’ ಎಂಬಂಥ ಗುರಿಗಳನ್ನು ಈ ಪಟ್ಟಿಯಲ್ಲಿ ಸೇರಿಸಬೇಡಿ. ಅವುಗಳನ್ನು ಅಳೆಯಲು ಬರುವುದಿಲ್ಲ.

ಈ ಪಟ್ಟಿಯ ಮುಂದೆ ಒಂದೊಂದಕ್ಕೆ ತಗಲುವ ಸಮಯವನ್ನು ಬರೆದರೆ ಸಭೆಗೆ ಎರಡು ಗಂಟೆಯಾದರೆ ಪೂರ್ವಭೇಟಿಗಳಿಗೆ, ಅಂದರೆ ಸಭೆಗೆ ಮೊದಲು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕಾಣುವುದಕ್ಕೆ, ಅದರ ಹಲವು ಪಟ್ಟು ಬೇಕಾಗುವುದು ಕಣ್ಣಿಗೆ ಬೀಳುತ್ತದೆ. ತರಬೇತಿಯ ಗಂಟೆಗಳನ್ನು ಅದೇ ಪ್ರಮಾಣದಲ್ಲಿ ಹಂಚಿರಿ. ಒಟ್ಟು ಅವಧಿಯ ಅರ್ಧದಷ್ಟಾದರೂ ಪೂರ್ವಭೇಟಿಯ ಅಭ್ಯಾಸಕ್ಕೆ ಮೀಸಲಾಗಬೇಕು. ಚೆನ್ನಾಗಿ ಪೂರ್ವಭೇಟಿ ನಡೆಸಿದವರ ಸಭೆ ಕೆಡುವುದು ಅಪರೂಪ. ಪೂರ್ವಭೇಟಿಯನ್ನು ಫೋನಿನಲ್ಲಿ ಮುಗಿಸಿದವರ ಸಭೆಯನ್ನು ಎಂಥ ಚಾತುರ್ಯವೂ ಉಳಿಸಲಾರದು.

ಹಂತ 3: ಅಭ್ಯರ್ಥಿಗಳನ್ನು ಆರಿಸಿ

ಇಲಾಖೆಯಿಂದ ‘ಡೆಪ್ಯೂಟ್’ ಮಾಡಿದವರನ್ನೆಲ್ಲ ಕೂರಿಸಿಕೊಳ್ಳುವ ಪದ್ಧತಿಯನ್ನು ಬಿಡಬೇಕು. ಹದಿನೈದು ನಿಮಿಷದ ಸಂದರ್ಶನದಲ್ಲಿ ಅಭ್ಯರ್ಥಿಗೆ ಒಂದು ಸಣ್ಣ ಜಗಳದ ವಿವರ ಕೊಟ್ಟು, ‘ಆ ಹುಡುಗ ನಿಮ್ಮೆದುರು ಕುಳಿತಿದ್ದಾನೆ, ಮಾತನಾಡಿಸಿ’ ಎಂದು ಹೇಳಿ. ಮೊದಲ ಐದು ವಾಕ್ಯಗಳಲ್ಲಿ ಎಷ್ಟು ಪ್ರಶ್ನೆಗಳು, ಎಷ್ಟು ಉಪದೇಶಗಳು ಎಂದು ಎಣಿಸಿ. ಉಪದೇಶ ಹೆಚ್ಚಿತ್ತೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಕಿಲ್ಲ. ತಿಳಿಸಿ ಹೇಳಿದ ಮೇಲೂ ಬದಲಾಗದವರನ್ನು ಕೈಬಿಡಿ.

ಪಾತ್ರಗಳ ಘರ್ಷಣೆಯನ್ನು ಈಗಲೇ ನೋಡಿಕೊಳ್ಳಿ. ಮಗುವಿನ ಸಾಮಾಜಿಕ ತನಿಖಾ ವರದಿಯನ್ನು ಬರೆಯುವ ಪರಿವೀಕ್ಷಣಾಧಿಕಾರಿಯೇ ಅದೇ ಮಗುವಿನ ಸಭೆಯನ್ನು ನಡೆಸುವಂತಿಲ್ಲ. ಮೊದಲ ಹಾಜರಾತಿಯಿಂದ ಹದಿನೈದು ದಿನಗಳೊಳಗೆ ಮಂಡಳಿಗೆ ಸಲ್ಲಿಸಬೇಕಾದ ಆ ವರದಿಯ ನೆರಳಿನಲ್ಲಿ ಮಗು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಮಂಡಳಿಯ ಸದಸ್ಯರಾದ ಸಮಾಜ ಕಾರ್ಯಕರ್ತರು ತಮ್ಮ ಮುಂದಿರುವ ಪ್ರಕರಣಗಳಿಗೆ ಸುಗಮಕಾರರಾಗುವುದಂತೂ ಸಲ್ಲದು. ಅರೆಕಾನೂನು ಸ್ವಯಂಸೇವಕರು, ಆಪ್ತಸಮಾಲೋಚಕರು, ನಿವೃತ್ತ ಶಿಕ್ಷಕರು ಒಳ್ಳೆಯ ಆಯ್ಕೆಯಾಗಬಲ್ಲರು. ನಿವೃತ್ತ ಶಿಕ್ಷಕರಿಗೆ ಹಂತ 6ರ ಅಭ್ಯಾಸ ಎರಡು ಪಟ್ಟು ಬೇಕಾದೀತು, ಅಷ್ಟೇ.

ಹಂತ 4: ಪಾತ್ರಾಭಿನಯದ ಪ್ರಕರಣಗಳನ್ನು ಬರೆಯಿರಿ

ಇಡೀ ತರಬೇತಿಯ ಗುಣಮಟ್ಟ ಈ ಹಂತದ ಮೇಲೆ ನಿಂತಿದೆ. ಹೊರದೇಶದ ಕೈಪಿಡಿಗಳಿಂದ ಎತ್ತಿಕೊಂಡ ಪ್ರಕರಣಗಳಲ್ಲಿ ಗೋಡೆಗೆ ಬಣ್ಣ ಬಳಿದ ಹುಡುಗ, ಸೂಪರ್ ಮಾರ್ಕೆಟಿನ ಕಳವು ಇರುತ್ತವೆ. ತರಬೇತಿಗೆ ಬಂದವರು ಅವನ್ನು ನಾಟಕವೆಂದೇ ಆಡುತ್ತಾರೆ. ಪ್ರಕರಣವು ಅವರು ನಾಳೆ ಕಾಣಲಿರುವ ಬೀದಿಯಿಂದಲೇ ಬರಬೇಕು. ಮಾದರಿಗಾಗಿ ಒಂದು ಕಾಲ್ಪನಿಕ ಪ್ರಕರಣವನ್ನು ನೋಡೋಣ.

ಹದಿನಾರರ ಹುಡುಗನೊಬ್ಬ ಸೊಪ್ಪು ಮಾರುವ ಹೆಂಗಸಿನ ಟಿವಿಎಸ್ ಎಕ್ಸ್‌ಎಲ್ ಗಾಡಿಯನ್ನು ರಾತ್ರಿ ಓಡಿಸಿಕೊಂಡು ಹೋಗಿ, ಬೀಳಿಸಿ, ಹ್ಯಾಂಡಲ್ ಬಾಗಿದ ಗಾಡಿಯನ್ನು ಕೆರೆ ಏರಿಯ ಮೇಲೆ ಬಿಟ್ಟು ಹೋಗಿದ್ದಾನೆ. ಎಲ್ಲರಿಗೂ ಕೊಡುವ ಸಾಮಾನ್ಯ ಹಾಳೆಯಲ್ಲಿ ಇಷ್ಟೇ ಇರಬೇಕು. ಉಳಿದದ್ದು ಒಬ್ಬೊಬ್ಬರ ಪಾತ್ರಪತ್ರದಲ್ಲಿ ಅಡಗಿರುತ್ತದೆ. ಹೆಂಗಸಿನ ಪತ್ರದಲ್ಲಿ: ಬೆಳಗಿನ ಜಾವ ನಾಲ್ಕಕ್ಕೆ ಮಾರುಕಟ್ಟೆಗೆ ಹೋಗಲು ಇದ್ದ ಗಾಡಿ ಅದೊಂದೇ; ಠಾಣೆಯ ಆವರಣದಲ್ಲಿ ಅದು ನಿಂತಿದ್ದಷ್ಟು ದಿನವೂ ಆಟೋ ಬಾಡಿಗೆ ಕೊಟ್ಟಿದ್ದಾಳೆ, ಚೀಟಿಯ ಒಂದು ಕಂತು ತಪ್ಪಿದೆ; ಆರ್‌ಸಿ ತೀರಿಕೊಂಡ ಗಂಡನ ಹೆಸರಿನಲ್ಲಿರುವುದರಿಂದ ಠಾಣೆಯಲ್ಲಿ ‘ಇದು ನಿನ್ನದೇ ಎನ್ನುವುದಕ್ಕೆ ಏನು ದಾಖಲೆ’ ಎಂದು ಕೇಳಿಸಿಕೊಂಡಿದ್ದಾಳೆ, ಮತ್ತು ಅದು ಗಾಡಿ ಹೋದದ್ದಕ್ಕಿಂತ ಹೆಚ್ಚು ನೋಯಿಸಿದೆ. ಹುಡುಗನ ಪತ್ರದಲ್ಲಿ: ಜೊತೆಗೆ ಇನ್ನೊಬ್ಬನಿದ್ದ, ಅವನ ಹೆಸರನ್ನು ಎಲ್ಲೂ ಹೇಳಿಲ್ಲ, ಮೊಣಕೈಗೆ ಆದ ಗಾಯವನ್ನು ಮನೆಯಲ್ಲೂ ತೋರಿಸಿಲ್ಲ. ತಾಯಿಯ ಪತ್ರದಲ್ಲಿ: ಅದೇ ಹೆಂಗಸಿನಿಂದ ಸಾಲಕ್ಕೆ ಸೊಪ್ಪು ಕೊಳ್ಳುತ್ತಿದ್ದವಳು, ಈಗ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಾಳೆ. ಸೋದರಮಾವನ ಪತ್ರದಲ್ಲಿ ಒಂದೇ ಸಾಲು: ‘ನಾಲ್ಕು ಸಾವಿರ ಕೊಟ್ಟು ಇವತ್ತೇ ಮುಗಿಸಬೇಕು.’

ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ ಪತ್ರದಲ್ಲಿರುವುದನ್ನು ಹೊರಹಾಕಬೇಕೆಂದು ಪಾತ್ರಧಾರಿಗಳಿಗೆ ತಿಳಿಸಿ. ಸುಗಮಕಾರರು ಆರ್‌ಸಿಯ ಮಾತಿನವರೆಗೆ ತಲುಪಿದರೇ ಅಥವಾ ರಿಪೇರಿ ಖರ್ಚಿನಲ್ಲೇ ನಿಂತುಬಿಟ್ಟರೇ ಎನ್ನುವುದರಿಂದ ಪೂರ್ವಭೇಟಿಯ ಆಳ ತಿಳಿಯುತ್ತದೆ. ಇಂಥ ನಾಲ್ಕು ಪ್ರಕರಣಗಳಿದ್ದರೆ ಐದು ದಿನಕ್ಕೆ ಸಾಕು. ಅವುಗಳಲ್ಲಿ ಒಂದು ಮುಖಾಮುಖಿ ಸಭೆಗೆ ಹೋಗಲೇಬಾರದಂಥದ್ದಾಗಿರಲಿ, ಅಂದರೆ ನೊಂದವರು ಬೇಡವೆನ್ನಲು ಸಕಾರಣವಿರುವಂಥದ್ದು. ‘ಸಭೆ ಬೇಡ’ ಎಂಬ ತೀರ್ಮಾನಕ್ಕೆ ಬರುವುದೂ ಒಂದು ಕೌಶಲವೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ.

ಸಾಮಾನ್ಯ ತಪ್ಪು: ಸ್ಥಳೀಯ ಪ್ರಕರಣವನ್ನು ಅಲ್ಪಸ್ವಲ್ಪ ಬದಲಿಸಿ ಬಳಸುವುದು. ಅದೇ ತಾಲ್ಲೂಕಿನವರು ತರಬೇತಿಗೆ ಬಂದಿರುತ್ತಾರೆ, ಮಗುವಿನ ಗುರುತು ಐದು ನಿಮಿಷದಲ್ಲಿ ಸಿಗುತ್ತದೆ. ಪ್ರಕರಣಕ್ಕೊಳಗಾದ ಮಗುವಿನ ಗುರುತು ಬಹಿರಂಗವಾಗುವಂತೆ ಪ್ರಕಟಿಸುವುದನ್ನು ನಿಷೇಧಿಸುವ 74ನೇ ಕಲಮಿನಡಿ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ತರಬೇತಿಯ ಕೋಣೆಯಲ್ಲೂ ಅದೇ ಶಿಸ್ತು ಇರಲಿ.

ಹಂತ 5: ದಿನಗಳ ಕ್ರಮವನ್ನು ನಿಗದಿಪಡಿಸಿ

ಮೊದಲ ದಿನದ ಮೊದಲ ಗಂಟೆಯಲ್ಲೇ, ಯಾವ ಪಾಠವನ್ನೂ ಮಾಡದೆ, ಒಬ್ಬರನ್ನು ಸುಗಮಕಾರರ ಕುರ್ಚಿಯಲ್ಲಿ ಕೂರಿಸಿ ಅಣಕು ಸಭೆ ನಡೆಸಿ. ಅದು ಖಂಡಿತ ಕೆಡುತ್ತದೆ. ಕೆಡುವವರು ಒಬ್ಬರೇ ಆಗಿ ಅವಮಾನಕ್ಕೆ ಗುರಿಯಾಗದಂತೆ ಮೂರು ಕೋಣೆಗಳಲ್ಲಿ ಏಕಕಾಲಕ್ಕೆ ನಡೆಸಿದರೆ ಒಳ್ಳೆಯದು. ನಂತರದ ಚರ್ಚೆಯಲ್ಲಿ ಎಲ್ಲಿ ಕೆಟ್ಟಿತೆಂದು ಅವರೇ ಹೇಳುತ್ತಾರೆ, ಮತ್ತು ಹೆಚ್ಚಿನ ಉತ್ತರಗಳು ‘ಇವರ ಬಗ್ಗೆ ನನಗೆ ಮೊದಲೇ ಗೊತ್ತಿರಲಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಪೂರ್ವಭೇಟಿ ಏಕೆ ಬೇಕೆಂಬ ಉಪನ್ಯಾಸದ ಶ್ರಮ ನಿಮಗೆ ಉಳಿಯುತ್ತದೆ. ಅದೇ ದಿನ ಮಧ್ಯಾಹ್ನ ಕಾನೂನಿನ ಎಲ್ಲೆಗಳನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ.

ಎರಡನೆಯ ದಿನ ಪೂರ್ತಿ ಮಗುವಿನ ಮತ್ತು ಅದರ ಮನೆಯವರ ಪೂರ್ವಭೇಟಿ. ಮೂರನೆಯ ದಿನ ಪೂರ್ತಿ ನೊಂದವರ ಪೂರ್ವಭೇಟಿ. ಇವೆರಡನ್ನು ಒಂದೇ ದಿನಕ್ಕೆ ತುರುಕಿದರೆ ನೊಂದವರ ಭಾಗ ಸಂಜೆಯ ದಣಿವಿಗೆ ಬಲಿಯಾಗುತ್ತದೆ. ಬಾಲ ನ್ಯಾಯದ ಕ್ಷೇತ್ರದಲ್ಲಿರುವವರಿಗೆ ಮಗುವಿನ ಪರವಾಗಿ ಯೋಚಿಸುವುದು ಮೊದಲೇ ರೂಢಿಯಾಗಿರುವುದರಿಂದ ಈ ಅಪಾಯ ನಮ್ಮಲ್ಲಿ ಇನ್ನೂ ಹೆಚ್ಚು, ಮತ್ತು ನೊಂದವರು ಮಗುವಿನ ಸುಧಾರಣೆಗೆ ಬಳಕೆಯಾಗುವ ಸಾಧನವಾಗಿಬಿಡುತ್ತಾರೆ.

ಗೋಪ್ಯತೆಯ ಮಿತಿಯನ್ನು ಹೇಳುವ ಅಭ್ಯಾಸ ಎರಡನೆಯ ದಿನದ ಬೆಳಿಗ್ಗೆಯೇ ಆಗಬೇಕು. ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಹೇಳಿಕೊಂಡರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ‘ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ’ ಎಂದು ಭಾಷೆ ಕೊಟ್ಟ ಸುಗಮಕಾರರು ಆಗ ಕಾನೂನು ಮತ್ತು ನಂಬಿಕೆಗಳ ನಡುವೆ ಸಿಕ್ಕಿಬೀಳುತ್ತಾರೆ. ಮಗುವಿಗೆ ಅರ್ಥವಾಗುವ ಮೂರು ನಾಲ್ಕು ವಾಕ್ಯಗಳಲ್ಲಿ ಈ ಮಿತಿಯನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಲಿ.

ಬಿಡುವಿನ ವಾರಗಳಲ್ಲಿ ನಿಜವಾದ ಪ್ರಕರಣಗಳನ್ನು ಕೊಡಬೇಡಿ. ಪ್ರತಿಯೊಬ್ಬರೂ ಸಹೋದ್ಯೋಗಿಯೊಂದಿಗೆ ಎರಡು ಅಣಕು ಪೂರ್ವಭೇಟಿಗಳನ್ನು ಧ್ವನಿಮುದ್ರಿಸಿಕೊಂಡು, ತಾವು ಮಾತನಾಡಿದ ನಿಮಿಷಗಳನ್ನೂ ಎದುರಿನವರು ಮಾತನಾಡಿದ ನಿಮಿಷಗಳನ್ನೂ ಲೆಕ್ಕ ಹಾಕಿ ತರಲಿ. ತಮ್ಮದೇ ಧ್ವನಿ ಎಷ್ಟು ಹೊತ್ತು ಕೇಳಿಬರುತ್ತದೆ ಎಂಬುದನ್ನು ಕಂಡು ಬೆಚ್ಚದವರು ಕಡಿಮೆ. ನಾಲ್ಕನೆಯ ದಿನ ಮುಖಾಮುಖಿ ಸಭೆ; ಐದನೆಯ ದಿನ ಒಪ್ಪಂದ, ಕಠಿಣ ಕ್ಷಣಗಳು ಮತ್ತು ಮೌಲ್ಯಮಾಪನ.

ಹಂತ 6: ಯಜಮಾನಿಕೆಯ ಅಭ್ಯಾಸವನ್ನು ಬಿಡಿಸಿ

ನಮ್ಮ ಸುಗಮಕಾರರು ಖಾಲಿ ಮನಸ್ಸಿನಿಂದ ಬರುವುದಿಲ್ಲ. ಹಿರಿಯರು ನಡುವೆ ಕುಳಿತು, ಇಬ್ಬರ ಮಾತನ್ನೂ ಕೇಳಿದಂತೆ ಮಾಡಿ, ತಪ್ಪು ಯಾರದ್ದೆಂದು ಹೇಳಿ, ದಂಡವನ್ನೋ ತಪ್ಪುಕಾಣಿಕೆಯನ್ನೋ ಕಟ್ಟಿಸಿ ಕಳಿಸುವ ಕ್ರಮವನ್ನು ಬಾಲ್ಯದಿಂದ ನೋಡಿದವರು. ಹೊಸ ಕೌಶಲವನ್ನು ಕಲಿಸುವುದಕ್ಕಿಂತ ಈ ಹಳೆಯದನ್ನು ಬಿಡಿಸುವುದಕ್ಕೆ ಹೆಚ್ಚು ಹೊತ್ತು ಬೇಕು. ಇದಕ್ಕೆ ವಾದದಿಂದ ಪ್ರಯೋಜನವಿಲ್ಲ, ಕಟ್ಟುನಿಟ್ಟಿನ ಕಸರತ್ತುಗಳೇ ಬೇಕು.

ಮೊದಲನೆಯದು ಪ್ರಶ್ನೆಗಳ ಕಸರತ್ತು. ಹತ್ತು ನಿಮಿಷಗಳ ಕಾಲ ಸುಗಮಕಾರರು ಪ್ರಶ್ನೆಗಳನ್ನು ಬಿಟ್ಟು ಬೇರೇನನ್ನೂ ಆಡುವಂತಿಲ್ಲ. ‘ಅವತ್ತು ಏನಾಯಿತು?’, ‘ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು?’, ‘ಇದರಿಂದ ಯಾರಿಗೆಲ್ಲ ಏನೇನಾಯಿತು?’, ‘ಈಗ ಏನು ಮಾಡಿದರೆ ಸರಿಹೋದೀತು?’ ಎಂಬ ನಾಲ್ಕು ಪ್ರಶ್ನೆಗಳು ಬುನಾದಿ. ‘ಯಾಕೆ ಹೀಗೆ ಮಾಡಿದೆ?’ ಎಂಬುದನ್ನು ನಿಷೇಧಿಸಿ, ಏಕೆಂದರೆ ಶಾಲೆಯಲ್ಲೂ ಠಾಣೆಯಲ್ಲೂ ಗದರಿಕೆಯಾಗಿಯೇ ಕೇಳಿಸಿಕೊಂಡ ಆ ಪ್ರಶ್ನೆಗೆ ಮಕ್ಕಳು ತಲೆ ತಗ್ಗಿಸುತ್ತಾರೆಯೇ ಹೊರತು ಉತ್ತರ ಕೊಡುವುದಿಲ್ಲ. ‘ನೀನು ಮಾಡಿದ್ದು ತಪ್ಪಲ್ಲವೇ?’ ಎಂಬಂಥವು ಪ್ರಶ್ನೆಯ ವೇಷದ ತೀರ್ಪುಗಳು. ವೀಕ್ಷಕರು ಅವನ್ನು ಉಪದೇಶವೆಂದೇ ಗುರುತು ಹಾಕಲಿ.

ಎರಡನೆಯದು ಮೌನದ ಕಸರತ್ತು. ಪ್ರಶ್ನೆ ಕೇಳಿದ ಮೇಲೆ ಗೋಡೆ ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಸುಮ್ಮನಿರಬೇಕು. ಬಹುಮಂದಿ ಐದನೆಯ ಸೆಕೆಂಡಿಗೇ ‘ಹೇಳಪ್ಪ, ಹೆದರಬೇಡ’ ಎಂದು ಬಾಯಿ ಹಾಕುತ್ತಾರೆ.

ಮೂರನೆಯದು ಸಂಬೋಧನೆ. ಹುಡುಗನಿಗೆ ‘ಏನೋ’, ಅಂಗಡಿಯ ಯಜಮಾನರಿಗೆ ‘ತಾವು’, ಕೂಲಿ ಮಾಡುವ ತಂದೆಗೆ ‘ನೀನು’ ಎಂದು ಒಂದೇ ಕೋಣೆಯಲ್ಲಿ ಮೂರು ಬಗೆಯಾಗಿ ಮಾತನಾಡಿದರೆ ಯಾರ ಮಾತಿಗೆ ತೂಕವಿದೆ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ವಯಸ್ಕರೆಲ್ಲರಿಗೂ ಬಹುವಚನ, ಮಗುವಿಗೆ ಹೆಸರು ಹಿಡಿದು, ಗದರದ ಏಕವಚನ. ಉತ್ತರ ಕರ್ನಾಟಕದಲ್ಲಿ ‘ರೀ’, ‘ಯಪ್ಪಾ’ಗಳ ಬಳಕೆ ಬೇರೆಯೇ ಇರುವುದರಿಂದ ಆಯಾ ಜಿಲ್ಲೆಯ ತಂಡವೇ ತನ್ನ ನಿಯಮವನ್ನು ಮಾಡಿಕೊಳ್ಳಲಿ. ಕುರ್ಚಿಗಳೆಲ್ಲ ಒಂದೇ ಬಗೆಯವಾಗಿರಬೇಕು. ಯಾರಾದರೂ ನೆಲದ ಮೇಲೆ ಕೂರಲು ಹೋದರೆ, ಅಥವಾ ಬಾಗಿಲ ಬಳಿ ನಿಂತೇ ಇದ್ದರೆ, ಸುಗಮಕಾರರು ಅದನ್ನು ನಮ್ರತೆಯೆಂದು ತಿಳಿದು ಬಿಟ್ಟುಬಿಡಬಾರದು. ಜಾತಿಯು ನಮ್ಮಲ್ಲಿ ಮಾತಿಗಿಂತ ಮೊದಲು ಕೂರುವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಕಾಲಿಗೆ ಬೀಳಿಸುವುದನ್ನು ತಡೆಯುವುದು. ಸಭೆಯ ಬಿಸಿ ಏರಿದಾಗ ತಾಯಿಯೋ ಮಾವನೋ ಹುಡುಗನ ಕುತ್ತಿಗೆ ಹಿಡಿದು ‘ತಪ್ಪಾಯ್ತು ಅನ್ನು, ಕಾಲಿಗೆ ಬೀಳು’ ಎನ್ನುತ್ತಾರೆ. ನೊಂದವರು ಮುಜುಗರದಿಂದ ‘ಹೋಗಲಿ ಬಿಡಿ’ ಎನ್ನುತ್ತಾರೆ. ನೋಡುವವರಿಗೆ ಎಲ್ಲವೂ ಸುಖಾಂತ್ಯವಾದಂತೆ ಕಾಣುತ್ತದೆ. ಹುಡುಗ ಏನನ್ನೂ ಅರಗಿಸಿಕೊಂಡಿಲ್ಲ, ಹೆಂಗಸು ತನ್ನ ಮಾತನ್ನು ಮುಗಿಸಿಲ್ಲ. ಪಾತ್ರಾಭಿನಯದಲ್ಲಿ ಮಾವನ ಪಾತ್ರಧಾರಿಗೆ ಇದನ್ನು ಗುಟ್ಟಾಗಿ ಹೇಳಿಕೊಟ್ಟು, ಸುಗಮಕಾರರು ಏನು ಮಾಡುತ್ತಾರೆಂದು ನೋಡಿ. ಎದ್ದು ನಿಂತು, ಮೆಲುದನಿಯಲ್ಲಿ, ‘ಕೂತ್ಕೊಳ್ಳಿ, ಅಮ್ಮನವರ ಮಾತು ಇನ್ನೂ ಮುಗಿದಿಲ್ಲ’ ಎನ್ನುವುದು ಒಂದು ದಾರಿ. ಇದಕ್ಕೂ ಒಳ್ಳೆಯ ದಾರಿಯೆಂದರೆ, ಪೂರ್ವಭೇಟಿಯಲ್ಲೇ ಮನೆಯವರಿಗೆ ‘ಕ್ಷಮೆ ಕೇಳುವುದು ಬಿಡುವುದು ಅವನಿಗೇ ಬಿಟ್ಟದ್ದು, ನೀವು ಹೇಳಿಸಬೇಡಿ’ ಎಂದು ತಿಳಿಸಿಟ್ಟಿರುವುದು. ಕ್ಷಮಿಸುವಂತೆ ನೊಂದವರನ್ನು ಕೇಳುವ ಹಕ್ಕು ಸುಗಮಕಾರರಿಗಂತೂ ಇಲ್ಲ.

ಎಚ್ಚರಿಕೆಯ ಸೂಚನೆಗಳು: ಮೊದಲ ಇಪ್ಪತ್ತು ನಿಮಿಷಗಳಲ್ಲೇ ಹಣದ ಮಾತು ಬಂದರೆ, ಹೆಂಗಸರ ಪರವಾಗಿ ಗಂಡಸರೇ ಉತ್ತರ ಕೊಡುತ್ತಿದ್ದರೆ, ಎಲ್ಲರೂ ಸುಗಮಕಾರರ ಮುಖ ನೋಡಿಯೇ ಮಾತನಾಡುತ್ತಿದ್ದರೆ, ಸಭೆಯು ಪಂಚಾಯಿತಿಯ ಕಡೆಗೆ ಹೊರಳಿದೆ.

ಹಂತ 7: ಒಪ್ಪಂದ ಬರೆಯುವುದನ್ನು ಕಲಿಸಿ

‘ಇನ್ನು ಮುಂದೆ ಒಳ್ಳೆಯವನಾಗಿರುತ್ತೇನೆ’ ಎಂಬುದು ಒಪ್ಪಂದವಾಗದು, ಏಕೆಂದರೆ ಅದು ಪಾಲನೆಯಾಯಿತೇ ಎಂದು ಯಾರೂ ಹೇಳಲಾರರು. ಯಾರು, ಏನನ್ನು, ಯಾವ ತಾರೀಖಿನೊಳಗೆ, ಎಲ್ಲಿ ಮಾಡುತ್ತಾರೆ, ಆಗದಿದ್ದರೆ ಯಾರಿಗೆ ತಿಳಿಸುತ್ತಾರೆ ಎಂಬ ಐದೂ ಅಂಶಗಳು ಪ್ರತಿ ಸಾಲಿನಲ್ಲಿರಬೇಕು. ತರಬೇತಿಯಲ್ಲಿ ಕೆಟ್ಟ ಒಪ್ಪಂದಗಳನ್ನು ಕೊಟ್ಟು ತಿದ್ದಿಸುವುದು ಹೊಸದನ್ನು ಬರೆಸುವುದಕ್ಕಿಂತ ಬೇಗ ಫಲ ಕೊಡುತ್ತದೆ.

ನ್ಯೂಜಿಲೆಂಡಿನ 1989ರ ಕಾಯ್ದೆಯಡಿ ನಡೆಯುವ ಕುಟುಂಬ ಸಭೆಗಳಲ್ಲಿ ಮನೆಯವರು ಅಧಿಕಾರಿಗಳಿಲ್ಲದೆ ತಾವೇ ಕೂತು ಚರ್ಚಿಸಲು ಪ್ರತ್ಯೇಕ ಸಮಯವಿರುತ್ತದೆ. ಇದನ್ನು ನಾವು ಎರವಲು ಪಡೆಯಬಹುದು: ಮಗುವಿನ ಕಡೆಯವರನ್ನು ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಬಿಟ್ಟರೆ, ಎಲ್ಲರೆದುರು ಮಾವ ಹೇಳಿದ ನಾಲ್ಕು ಸಾವಿರದ ಜಾಗದಲ್ಲಿ ಮನೆಗೆ ನಿಜವಾಗಿ ಕೈಗೂಡುವ ಯೋಜನೆಯೊಂದು ಹೊರಬರುತ್ತದೆ. ಅಷ್ಟು ಹೊತ್ತು ಸುಗಮಕಾರರು ಆ ಬಾಗಿಲ ಬಳಿಯೂ ಸುಳಿಯಬಾರದು. ನೊಂದವರ ಜೊತೆ ಯಾರು ಇರುತ್ತಾರೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ನಷ್ಟಕ್ಕೆ ಬದಲಾಗಿ ಹುಡುಗ ಅಂಗಡಿಯಲ್ಲಿ ದುಡಿಯಲಿ ಎಂಬ ಸಲಹೆ ಪದೇ ಪದೇ ಬರುತ್ತದೆ. ಹದಿನಾಲ್ಕರೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನೂ ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವುದನ್ನೂ ಕಾನೂನು ನಿಷೇಧಿಸಿದೆ. ಕಾನೂನಿನ ಮಾತಿರಲಿ, ಸಾಲ ತೀರಿಸಲು ಮಗುವನ್ನು ಜೀತಕ್ಕಿಟ್ಟ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಇಂಥ ಸಾಲನ್ನು ಬರೆದ ಒಪ್ಪಂದಕ್ಕೆ ಮೌಲ್ಯಮಾಪನದಲ್ಲಿ ಶೂನ್ಯವೇ ಇರಲಿ. ಹುಡುಗ ಆಕೆಯ ಜೊತೆ ಮೆಕ್ಯಾನಿಕ್ ಬಳಿಗೆ ಹೋಗಿ ಗಾಡಿ ರಿಪೇರಿ ಮಾಡಿಸಿಕೊಡುವುದು, ಆರ್‌ಸಿ ವರ್ಗಾವಣೆಯ ಅರ್ಜಿಗೆ ಮಾವ ಓಡಾಡುವುದು, ತಪ್ಪಿದ ಚೀಟಿ ಕಂತನ್ನು ಎರಡು ತಿಂಗಳಲ್ಲಿ ತುಂಬಿಕೊಡುವುದು ಮುಂತಾದವು ಆ ಪ್ರಕರಣಕ್ಕೇ ಹುಟ್ಟಿಕೊಳ್ಳುವ ದಾರಿಗಳು.

ಹಂತ 8: ಮೌಲ್ಯಮಾಪನ ಮಾಡಿ, ಬೇಕಾದರೆ ಅನುತ್ತೀರ್ಣಗೊಳಿಸಿ

ಹಾಜರಾತಿಗೆ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಬೇಕು. ಪ್ರತಿ ಅಭ್ಯರ್ಥಿಗೂ ಹಿಂದೆ ಕಾಣದ ಪ್ರಕರಣದಲ್ಲಿ ನಲವತ್ತು ನಿಮಿಷದ ಪೂರ್ವಭೇಟಿಯೊಂದನ್ನು ಕೊಟ್ಟು, ಗುರುತು ಹಾಳೆಯೊಂದಿಗೆ ಇಬ್ಬರು ನೋಡಲಿ. ಮೂರು ತಪ್ಪುಗಳಿಗೆ ವಿನಾಯಿತಿಯಿಲ್ಲ: ಭಾಗವಹಿಸದಿರುವ ಹಕ್ಕನ್ನು ಹೇಳದೆ ಒಪ್ಪಿಗೆ ಪಡೆಯುವುದು, ಗೋಪ್ಯತೆಯ ಮಿತಿಯನ್ನು ಬಿಟ್ಟುಬಿಡುವುದು, ಪರಿಹಾರವನ್ನು ತಾವೇ ಸೂಚಿಸುವುದು. ಉಳಿದ ಕೊರತೆಗಳನ್ನು ಅಭ್ಯಾಸದಿಂದ ತುಂಬಬಹುದು. ಅನುತ್ತೀರ್ಣರಾದವರಲ್ಲಿ ಹಿರಿಯ ಅಧಿಕಾರಿಗಳಿದ್ದರೆ ಉಂಟಾಗುವ ಇರಿಸುಮುರಿಸನ್ನು ತಡೆಯಲು ಈ ಮೂರು ನಿಯಮಗಳನ್ನು ಮೊದಲ ದಿನವೇ ಗೋಡೆಯ ಮೇಲೆ ಹಾಕಿಬಿಡಿ.

ಹಂತ 9: ತರಬೇತಿಯ ನಂತರದ ಆರು ತಿಂಗಳನ್ನು ಯೋಜಿಸಿ

ಮೊದಲ ಎರಡು ಮೂರು ಪ್ರಕರಣಗಳನ್ನು ಅನುಭವಿಯೊಬ್ಬರ ಜೊತೆಗೂಡಿಯೇ ನಡೆಸಬೇಕು. ಮೊದಲು ಪಕ್ಕದಲ್ಲಿ ಕುಳಿತು ನೋಡುವುದು, ನಂತರ ಪೂರ್ವಭೇಟಿಗಳನ್ನು ತಾವು ಮಾಡುವುದು, ಕೊನೆಗೆ ಸಭೆಯನ್ನು ವಹಿಸಿಕೊಳ್ಳುವುದು. ತಿಂಗಳಿಗೊಮ್ಮೆ ಎರಡು ಗಂಟೆಯ ಪ್ರಕರಣ ವಿಮರ್ಶೆ ಇರಲಿ. ಅದನ್ನು ವಾಟ್ಸ್ಆಪ್ ಗುಂಪಿನಲ್ಲಿ ನಡೆಸಬೇಡಿ. ಮಗುವಿನ ಊರು, ಶಾಲೆ, ಫೋಟೋ ಅಲ್ಲಿಂದಲೇ ಸೋರುತ್ತವೆ.

ವಿಮರ್ಶೆಯಲ್ಲಿ ‘ಎಷ್ಟು ಒಪ್ಪಂದಗಳಾದವು’ ಎಂದು ಮಾತ್ರ ಕೇಳಿದರೆ ಮುಂದಿನ ತಿಂಗಳಿನಿಂದ ಎಲ್ಲ ಸಭೆಗಳಲ್ಲೂ ಒಪ್ಪಂದವಾಗತೊಡಗುತ್ತದೆ, ಹೇಗೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎಷ್ಟು ಪೂರ್ವಭೇಟಿಗಳ ನಂತರ ಸಭೆ ಬೇಡವೆಂದು ತೀರ್ಮಾನಿಸಲಾಯಿತು, ನೊಂದವರಲ್ಲಿ ಯಾರು ನಡುವೆ ಹಿಂದೆ ಸರಿದರು, ಒಪ್ಪಂದದ ಯಾವ ಸಾಲು ಪಾಲನೆಯಾಗಲಿಲ್ಲ ಎಂಬುವನ್ನೂ ದಾಖಲಿಸಿ. ನೂರಕ್ಕೆ ನೂರು ಯಶಸ್ಸನ್ನು ವರದಿ ಮಾಡುವ ಸುಗಮಕಾರರ ಮುಂದಿನ ಸಭೆಗೆ ತರಬೇತುದಾರರು ಸ್ವತಃ ಹೋಗಿ ಕೂರಬೇಕು.

ಮುಂದಿನ ತಂಡವನ್ನು ಕರೆಯುವ ಮುನ್ನ ಈ ದಾಖಲೆಗಳಿಂದ, ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದುಹಾಕಿ, ಪಾತ್ರಪತ್ರಗಳನ್ನು ತಿದ್ದಿ. ಸಭೆಗಳು ಎಲ್ಲಿ ಹೆಚ್ಚು ಕೆಟ್ಟಿವೆಯೋ ಆ ಕ್ಷಣವನ್ನೇ ಹೊಸ ಪಾತ್ರಪತ್ರದಲ್ಲಿ ಬರೆಯಿರಿ, ಮತ್ತು ಮೊದಲ ತಂಡದಲ್ಲಿ ಆ ಕ್ಷಣವನ್ನು ಚೆನ್ನಾಗಿ ನಿಭಾಯಿಸಿದ ಒಬ್ಬರನ್ನು ಎರಡನೆಯ ತರಬೇತುದಾರರಾಗಿ ಕರೆದುಕೊಳ್ಳಿ.